ಹೆಸರು ಕಂಡೊಡನೆ ನಂಬಬಹುದೇ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬಿಗೆ ನೀರು ಹಾಯಿಸುವ ರೈತನಿಗೂ, ಕಚೇರಿಯ ಗುಮಾಸ್ತನಿಗೂ, ಅಂಗಡಿಯ ಸಾಹುಕಾರನಿಗೂ ಅನುದಿನವೂ ಬರುತ್ತಿರುವ ಬೇಡದ ದೂರವಾಣಿ ಕರೆಗಳ ಉಪದ್ರವವು ವಾಚಕರಿಗೆ ವಿದಿತವೇ ಇದೆ. ಸಾಲ ಬೇಕೇ, ವಿಮೆ ಬೇಕೇ ಎಂಬ ಕರೆಗಳು ಬೇಸರವನ್ನಷ್ಟೇ ಉಂಟುಮಾಡುತ್ತವೆ. ಪೊಲೀಸರ ಸೋಗಿನ ಕರೆಗಳಾದರೋ ಪ್ರಾಣವನ್ನೇ ತೆಗೆಯುತ್ತವೆ. 2025ರ ಮಾರ್ಚಿಯಲ್ಲಿ ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿಗಳು ಇಂಥ ವಂಚಕರಿಗೆ ಲಕ್ಷಾಂತರ ರೂಪಾಯಿ ತೆತ್ತು, ಬೆದರಿಕೆಯನ್ನು ತಾಳಲಾರದೆ ಪ್ರಾಣ ಕಳೆದುಕೊಂಡುದನ್ನು ಮರೆಯಲಾದೀತೇ?

ಕರೆದವನ ಹೆಸರನ್ನು ತೋರಿಸುವ ಟ್ರೂಕಾಲರ್ ಮುಂತಾದ ಸೌಕರ್ಯಗಳನ್ನು ನೆಚ್ಚಿ ಅನೇಕರು ನಿಶ್ಚಿಂತರಾಗಿದ್ದಾರೆ. ಆದರೆ ಅಲ್ಲಿ ಕಾಣುವ ಹೆಸರು ಬಹುಮಟ್ಟಿಗೆ ಬಳಸುವ ಜನರೇ ಒದಗಿಸಿದ್ದು. ನಿನ್ನೆ ಕೊಂಡ ಸಿಮ್ಮಿನಿಂದ ವಂಚಕನು ಕರೆದರೆ ಅದು ಏನನ್ನು ತಿಳಿಸೀತು? ಚಂದಾದಾರನು ಅರ್ಜಿಯಲ್ಲಿ ಬರೆದ ಹೆಸರನ್ನೇ ತೋರಿಸಬೇಕೆಂದು ಟ್ರಾಯ್ ಪ್ರಾಧಿಕಾರವು 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿದುದು ಸ್ತುತ್ಯವೇ ಸರಿ. ಆದರೂ ಬಡವನೊಬ್ಬನ ಆಧಾರ್ ಕಾರ್ಡಿನ ಮೇಲೆ ಕಳ್ಳನು ಸಿಮ್ಮು ಪಡೆದಿದ್ದರೆ ಕಾಣುವುದು ಆ ಬಡವನ ಹೆಸರೇ. ಅಪವಾದವೂ ಅವನ ಪಾಲಿಗೇ.

ಆದುದರಿಂದ ಸರಕಾರವು ಹೆಸರು ತೋರಿಸುವಷ್ಟಕ್ಕೇ ತೃಪ್ತಿಪಡದೆ, ತಪಾಸಣೆಯಿಲ್ಲದೆ ಸಿಮ್ಮು ಮಾರುವವರನ್ನೂ ಅವರ ಕಂಪನಿಗಳನ್ನೂ ಹೊಣೆಗಾರರನ್ನಾಗಿ ಮಾಡತಕ್ಕದ್ದು. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾಯದೆಯಲ್ಲಿಯೂ ಇಲ್ಲವೆಂಬುದನ್ನು ಊರೂರ ಪಂಚಾಯತಿಗಳು ಡಂಗುರ ಹೊಡೆಸಿ ಸಾರಬೇಕು. ವಾಚಕರೂ ಮಾರಾಟದವರ ಕಿರುಕುಳವನ್ನು 1909ಕ್ಕೆ, ಹಣದ ವಂಚನೆಯನ್ನು ತಡಮಾಡದೆ 1930ಕ್ಕೆ ತಿಳಿಸತಕ್ಕದ್ದು. ಬಾಗಿಲಿಗೆ ಬಂದವನು ಹೆಸರು ಹೇಳಿದ ಮಾತ್ರಕ್ಕೆ ನಾವು ತಿಜೋರಿಯ ಕೀಲಿಕೈಯನ್ನು ಕೊಡುವುದಿಲ್ಲ. ದೂರವಾಣಿಗೂ ಅದೇ ನ್ಯಾಯವಿರಲಿ.