ಪಾಸು ಕೇಳುವ ಮುನ್ನ

ಮಳೆಗಾಲ ಮುಗಿದು, ದೀಪಾವಳಿಯೂ ಕಳೆದು, ಮಂಗಳೂರು ನಗರದ ಗೋಡೆಗಳ ಮೇಲೆ ಬಣ್ಣದ ಭಿತ್ತಿಪತ್ರಗಳು ಮತ್ತೆ ಕಾಣಿಸಿಕೊಳ್ಳತೊಡಗಿವೆ. ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುವ ಕಾಲವಿದು. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯವರೆಗೆ ಅವುಗಳಿಗೆ ವಿರಾಮವಿಲ್ಲ. ತುಳು ನಾಟಕ ತಂಡಗಳು ಹೊಸ ನಾಟಕಗಳನ್ನು ಘೋಷಿಸುತ್ತವೆ. ಕೊಂಕಣಿ ಸಂಗೀತ ರಾತ್ರಿಗಳು, ಚರ್ಚ್ ವಠಾರಗಳಲ್ಲಿ ಸಾಂತ್‌ಮಾರಿಯ ಅಂಗವಾಗಿ ನಡೆಯುವ ನಾಟಕಗಳು, ಕ್ರಿಸ್ತಜಯಂತಿಗೆ ಮುನ್ನ ಕ್ಯಾರಲ್ ಗಾಯನಗಳು, ಅತ್ತ ಮೂಡುಬಿದಿರೆಯಲ್ಲಿ ಆಳ್ವಾಸ್ ವಿರಾಸತ್ ಎಂದು ಬೂದಿ ಬುಧವಾರದವರೆಗೂ ಒಂದಲ್ಲ ಒಂದು ಕಾರ್ಯಕ್ರಮದ ಕರೆಯೋಲೆ ನಮ್ಮ ಮನೆಗಳಿಗೆ ಬರುತ್ತಲೇ ಇರುತ್ತದೆ. ಹಿಂದೆ ಅದು ವಾಳೆಯ ಗುರಿಕಾರರ ಕೈಯಲ್ಲಿ ಬರುತ್ತಿತ್ತು; ಈಗ ಮೊಬೈಲಿಗೆ ಬರುತ್ತದೆ. ಆದರೆ ಕರೆಯೋಲೆ ಕಂಡೊಡನೆ ಹೆಚ್ಚಿನ ಕಥೋಲಿಕ ಮನೆಗಳಲ್ಲಿ ಏಳುವ ಪ್ರಶ್ನೆ ಮಾತ್ರ ಬದಲಾಗಿಲ್ಲ. ಯಾರು ಹಾಡುತ್ತಾರೆ, ನಾಟಕ ಯಾರದು ಎಂಬುದಲ್ಲ. ಪಾಸು ಸಿಗುತ್ತದೆಯೇ ಎಂಬುದು.

ಈ ಪ್ರಶ್ನೆಯ ಕುರಿತು ಋತುವಿನ ಆರಂಭದಲ್ಲೇ ನಾಲ್ಕು ಮಾತು ಆಡುವುದು ಉಚಿತವೆಂದು ನಾವು ಭಾವಿಸುತ್ತೇವೆ. ಕಾರ್ಯಕ್ರಮಗಳ ಸಂಖ್ಯೆ ಕಡಿಮೆಯಾಗಿದೆ ಎಂದು ಯಾರೂ ಹೇಳಲಾರರು. ಆದರೆ ವೇದಿಕೆಯ ಮೇಲೆ ನಿಂತು ಹಾಡುವವರ, ನುಡಿಸುವವರ, ನಟಿಸುವವರ ಸ್ಥಿತಿ ಕಾರ್ಯಕ್ರಮಗಳ ಸಂಖ್ಯೆಯೊಡನೆ ಏರುತ್ತಿದೆಯೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

ಉಚಿತ ಪ್ರವೇಶದ ಅಭ್ಯಾಸ ನಮಗೆ ಎಲ್ಲಿಂದ ಬಂದಿತು? ಅದರ ಒಂದು ಬೇರು ದೇವಾಲಯದ ಅಂಗಳದಲ್ಲಿಯೇ ಇದೆ. ಹಬ್ಬದ ನಾಟಕಕ್ಕೆ ಎಂದೂ ಟಿಕೆಟ್ ಇರಲಿಲ್ಲ. ಊರವರೇ ನಟರು, ಊರವರೇ ಪ್ರೇಕ್ಷಕರು. ದೇವಾಲಯದ ಒಳಗೆ ನಡೆಯುವ ಸಂಗೀತಕ್ಕಂತೂ ಪವಿತ್ರ ಸಭೆಯ ಸ್ಪಷ್ಟ ನಿರ್ದೇಶನವಿದೆ. ದೈವಾರಾಧನೆಗೆ ಸಂಬಂಧಿಸಿದ ವ್ಯಾಟಿಕನ್ ಆಯೋಗವು 1987ರ ನವೆಂಬರ್ 5ರಂದು ಧರ್ಮಾಧ್ಯಕ್ಷರ ಸಮ್ಮೇಳನಗಳ ಅಧ್ಯಕ್ಷರಿಗೆ ಬರೆದ ಪತ್ರವು ಇದೇ ವಿಷಯವನ್ನು ಕುರಿತದ್ದು. ದೇವಾಲಯದಲ್ಲಿ ಸಂಗೀತ ಕಾರ್ಯಕ್ರಮ ನಡೆಸಬೇಕಾದರೆ ಧರ್ಮಾಧ್ಯಕ್ಷರ ಅನುಮತಿಯನ್ನು ಲಿಖಿತವಾಗಿ ಕೋರಬೇಕು. ಪ್ರವೇಶ ಉಚಿತವಾಗಿರಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು. ಗಾಯಕರೂ ವಾದಕರೂ ಬಲಿಪೀಠದ ಆವರಣದಲ್ಲಿ ನಿಲ್ಲಬಾರದು. ಹಾಡುವವರ, ಕೇಳುವವರ ಉಡುಪು ಮತ್ತು ನಡವಳಿಕೆ ಆ ಸ್ಥಳದ ಪಾವಿತ್ರ್ಯಕ್ಕೆ ತಕ್ಕಂತಿರಬೇಕು ಎಂದು ಅದು ಹೇಳುತ್ತದೆ. ಬರುವ ಡಿಸೆಂಬರಿನಲ್ಲಿ ದೇವಾಲಯಗಳೊಳಗೆ ಕ್ಯಾರಲ್ ಸಂಜೆಗಳನ್ನು ಏರ್ಪಡಿಸುವ ಯುವ ಸಂಘಟನೆಗಳು ಆ ಪತ್ರವನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ಬಲಿಪೀಠದ ಮುಂದೆ ಬಣ್ಣದ ದೀಪ ಹಾಗೂ ಧ್ವನಿಪೆಟ್ಟಿಗೆಗಳ ಸಾಲು ಕಂಡಾಗ ಹಿರಿಯರಿಗೆ ನೋವಾಗುವುದು ಸಹಜ. ಅದನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕಲಾಗದು.

ಆದರೆ ದೇವಾಲಯಕ್ಕೆ ಸಲ್ಲುವ ನಿಯಮ ಸಭಾಭವನಕ್ಕೆ ಸಲ್ಲಬೇಕೆಂದೇನೂ ಇಲ್ಲ. ಸಭಾಭವನಕ್ಕೆ ಬಾಡಿಗೆ ಇದೆ, ದೀಪ ಮತ್ತು ಧ್ವನಿಗೆ ಬಾಡಿಗೆ ಇದೆ, ವಾದ್ಯಗಾರನಿಗೆ ಮನೆ ಮಕ್ಕಳಿದ್ದಾರೆ. ಪ್ರೇಕ್ಷಕರು ಹಣ ಕೊಡದಿದ್ದರೆ ಬೇರೆ ಯಾರೋ ಕೊಡಲೇಬೇಕು. ಆ ಬೇರೆಯವರು ದಾನಿಗಳು, ಪ್ರಾಯೋಜಕರು. ಅವರ ಉದಾರತೆಯನ್ನು ನಾವು ಕೃತಜ್ಞತೆಯಿಂದಲೇ ನೆನೆಯುತ್ತೇವೆ. ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಬಾಂಧವರ ನೆರವಿಲ್ಲದೆ ಎಷ್ಟೋ ಕೊಂಕಣಿ ಕಾರ್ಯಕ್ರಮಗಳು ನಡೆಯುತ್ತಲೇ ಇರಲಿಲ್ಲ. ಆದರೂ ಇದರ ಫಲವೇನೆಂಬುದನ್ನು ನೋಡಬೇಕು. ಹಣ ಕೊಟ್ಟವರನ್ನು ವೇದಿಕೆಗೆ ಕರೆಯಬೇಕಾಗುತ್ತದೆ. ಕರೆದ ಮೇಲೆ ಶಾಲು, ಫಲಪುಷ್ಪ, ಸ್ಮರಣಿಕೆ. ಆಮೇಲೆ ಎರಡು ಮಾತು. ಆ ಎರಡು ಮಾತು ಎಷ್ಟು ಉದ್ದವಾಗಬಲ್ಲದೆಂಬುದು ಓದುಗರಿಗೆ ಗೊತ್ತಿದೆ. ಆರೂವರೆಗೆಂದು ಸಾರಿದ ನಾಟಕ ಎಂಟು ಗಂಟೆಗೆ ತೆರೆ ಏರಿಸುತ್ತದೆ. ಅಷ್ಟರಲ್ಲಿ ಎಳೆಯ ಮಕ್ಕಳು ನಿದ್ದೆಗೆ ಜಾರಿರುತ್ತಾರೆ, ದೂರದ ಧರ್ಮಕೇಂದ್ರಗಳಿಂದ ಬಂದವರು ಕೊನೆಯ ಬಸ್ಸಿನ ಚಿಂತೆಯಲ್ಲಿ ಎದ್ದಿರುತ್ತಾರೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ನಟನು ಅರ್ಧ ಖಾಲಿಯಾದ ಕುರ್ಚಿಗಳ ಮುಂದೆ ಕೊನೆಯ ಅಂಕವನ್ನು ಆಡುತ್ತಾನೆ. ಪಾಸಿಗಾಗಿ ನಾವು ಹಣ ಕೊಟ್ಟಿಲ್ಲ ಎಂದುಕೊಳ್ಳುತ್ತೇವೆ. ಆ ಒಂದೂವರೆ ಗಂಟೆಯೇ ನಾವು ಕೊಟ್ಟ ಬೆಲೆ.

ಯಕ್ಷಗಾನದಲ್ಲೂ ಇಂಥದೇ ಒಂದು ಪಲ್ಲಟ ನಡೆದಿದೆ. ಟಿಕೆಟ್ ಕೊಂಡು ನೋಡುತ್ತಿದ್ದ ಡೇರೆ ಮೇಳಗಳು ಕಾಲಕ್ರಮೇಣ ಹಿಂದೆ ಸರಿದು, ಭಕ್ತರು ಹರಕೆಯಾಗಿ ಆಡಿಸುವ ಬಯಲಾಟಗಳು ಮುಂದೆ ಬಂದಿವೆ. ಅಲ್ಲಿ ಹರಕೆ ಹೊತ್ತವರು ಹಣ ಕೊಡುತ್ತಾರೆ, ಆಟ ದೇವರಿಗೆ ಸಲ್ಲುತ್ತದೆ, ಊರು ನೋಡುತ್ತದೆ. ಆ ಏರ್ಪಾಡಿಗೆ ಶ್ರದ್ಧೆಯ ಆಧಾರವಿದೆ. ನಮ್ಮ ಸಂಗೀತ ರಾತ್ರಿಗಳಿಗೆ ಅಂಥ ಆಧಾರವಿಲ್ಲ. ಅವು ಪ್ರೇಕ್ಷಕರನ್ನೇ ನಂಬಿ ಬದುಕಬೇಕಾದವು.

ಹಾಗೆ ಬದುಕಿದ ಕಾಲವೂ ನಮ್ಮ ನೆನಪಿನಿಂದ ದೂರವಾಗಿಲ್ಲ. ಕೊಂಕಣ್ ಕೋಗುಳ್ ಎಂದು ಜನರು ಕರೆದ ವಿಲ್ಫಿ ರೆಬಿಂಬಸ್ ಅವರು ತಾವೇ ಹಾಡು ಬರೆದು, ರಾಗ ಕೂಡಿಸಿ, ಪತ್ನಿ ಮೀನಾ ಅವರೊಡನೆ ಹಾಡುತ್ತಾ ಊರೂರು ಸುತ್ತಿದರು. ವಿಲ್ಫಿ ನೈಟ್ ಎಂಬ ಎರಡು ಪದಗಳಿಗೆ ಜನ ಟಿಕೆಟ್ ಕೊಂಡು ಸೇರುತ್ತಿದ್ದರು. 2010ರ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಹಾಡುಗಳು ಇಂದಿಗೂ ಮದುವೆ ಮನೆಗಳಲ್ಲಿ ಕೇಳಿಬರುತ್ತವೆ. ಅವರ ಹಾಡುಗಳಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಅಂದಿನ ವೇದಿಕೆಯಲ್ಲಿ ಗಾಯಕರ ಹಿಂದೆ ವಾದ್ಯವೃಂದವೊಂದು ಕುಳಿತಿರುತ್ತಿತ್ತು. ಪಿಟೀಲು, ಕೀಬೋರ್ಡ್, ಗಿಟಾರ್, ಡ್ರಮ್ಸ್, ತಬಲ. ಹಾಡುಗಾರ ಒಂದು ಕ್ಷಣ ತಡೆದರೆ ಅವರೂ ತಡೆಯುತ್ತಿದ್ದರು, ಪ್ರೇಕ್ಷಕರು ಮತ್ತೊಮ್ಮೆ ಎಂದರೆ ಅವರೂ ಮತ್ತೊಮ್ಮೆ ನುಡಿಸುತ್ತಿದ್ದರು.

ಇಂದು ಅನೇಕ ಸಂಗೀತ ರಾತ್ರಿಗಳಲ್ಲಿ ಆ ಕುರ್ಚಿಗಳೇ ಇಲ್ಲ. ಮೊದಲೇ ಧ್ವನಿಮುದ್ರಿಸಿದ ವಾದ್ಯಸಂಗೀತವನ್ನು, ಅಂದರೆ ಟ್ರ್ಯಾಕನ್ನು, ಕಂಪ್ಯೂಟರಿನಿಂದ ಹರಿಯಬಿಟ್ಟು ಗಾಯಕರು ಅದರ ಮೇಲೆ ಹಾಡುತ್ತಾರೆ. ಇದು ಸಂಘಟಕರ ದುರುದ್ದೇಶವೆಂದು ನಾವು ಹೇಳುವುದಿಲ್ಲ. ಹತ್ತು ಮಂದಿ ವಾದ್ಯಗಾರರನ್ನು ಕರೆಸಿ, ವಾರಗಟ್ಟಲೆ ಅಭ್ಯಾಸ ಮಾಡಿಸಿ, ಗೌರವಧನ ಕೊಡಲು ಉಚಿತ ಪಾಸಿನ ಕಾರ್ಯಕ್ರಮದಲ್ಲಿ ಹಣವೆಲ್ಲಿದೆ? ಆದರೆ ಇದರಿಂದ ಕೆಡುವುದು ಒಂದು ಸಂಜೆ ಮಾತ್ರವಲ್ಲ. ನಮ್ಮ ಮನೆಗಳಲ್ಲಿ ಪಿಟೀಲು, ಪಿಯಾನೊ ಕಲಿಯುವ ಮಕ್ಕಳು ಬೇಕಾದಷ್ಟಿದ್ದಾರೆ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಶ್ರೇಣಿ ಪರೀಕ್ಷೆಗಳನ್ನು ಪಾಸು ಮಾಡಿಸಲು ಹೆತ್ತವರು ತಪ್ಪದೆ ಶುಲ್ಕ ಕಟ್ಟುತ್ತಾರೆ. ಪರೀಕ್ಷೆ ಪಾಸಾದ ಆ ಮಗು ಎಲ್ಲಿ ನುಡಿಸಬೇಕು? ಹಿರಿಯ ವಾದಕನ ಪಕ್ಕದಲ್ಲಿ ಕುಳಿತು, ತಾಳ ತಪ್ಪಿದಾಗ ಅವನ ಕಣ್ಸನ್ನೆಯಿಂದ ತಿದ್ದಿಕೊಳ್ಳುವ ಅವಕಾಶ ಟ್ರ್ಯಾಕಿನಲ್ಲಿ ಇಲ್ಲ. ಪ್ರಮಾಣಪತ್ರ ಗೋಡೆಗೇರುತ್ತದೆ, ಪಿಟೀಲು ಕಪಾಟಿಗೆ ಸೇರುತ್ತದೆ. ಬಲಿಪೂಜೆಯ ಗಾಯನವೃಂದಕ್ಕೆ ವಾದ್ಯ ನುಡಿಸುವವರಿಲ್ಲ ಎಂದು ಗುರುಗಳು ಕೊರಗುವಾಗ ಈ ಕೊಂಡಿಯನ್ನೂ ನೆನೆಯಬೇಕು.

ಆದುದರಿಂದ ಸಂಘಟಕರಲ್ಲಿ ನಮ್ಮದೊಂದು ಬಿನ್ನಹ. ಕರೆಯೋಲೆಯಲ್ಲಿ ಅತಿಥಿಗಳ ಭಾವಚಿತ್ರಗಳಿಗೆ ಕೊಡುವ ಜಾಗದಲ್ಲಿ ಒಂದಿಷ್ಟು ವಾದ್ಯಗಾರರ ಹೆಸರುಗಳಿಗೂ ಇರಲಿ. ವಾದ್ಯಗಳು ವೇದಿಕೆಯ ಮೇಲೆ ಇರುತ್ತವೆಯೋ ಟ್ರ್ಯಾಕಿನಲ್ಲಿ ಬರುತ್ತವೆಯೋ ಎಂಬುದನ್ನು ಸ್ಪಷ್ಟವಾಗಿ ಮುದ್ರಿಸಲಿ. ಟಿಕೆಟ್ ಕೊಳ್ಳುವವರಿಗೆ ಅದನ್ನು ತಿಳಿಯುವ ಹಕ್ಕಿದೆ.

ಸಮಯಪಾಲನೆ ನಮ್ಮಿಂದಾಗದು ಎನ್ನುವವರು ಬೆಂಗಳೂರಿನ ರಂಗಶಂಕರವನ್ನು ನೋಡಿ ಬರಬಹುದು. ದಿವಂಗತ ಶಂಕರನಾಗ್ ಅವರ ಸ್ಮರಣೆಯಲ್ಲಿ ಅರುಂಧತಿ ನಾಗ್ ಮತ್ತು ಸಂಗಡಿಗರು ಕಟ್ಟಿ 2004ರಲ್ಲಿ ತೆರೆದ ಆ ರಂಗಮಂದಿರದಲ್ಲಿ ಹೇಳಿದ ವೇಳೆಗೆ ಬಾಗಿಲು ಮುಚ್ಚುತ್ತದೆ. ತಡವಾಗಿ ಬಂದವರು ಯಾರೇ ಆಗಿರಲಿ, ಹೊರಗೇ ಉಳಿಯುತ್ತಾರೆ. ಅಲ್ಲಿ ಜನ ಸಿಟ್ಟಾಗಿ ಬರುವುದನ್ನು ನಿಲ್ಲಿಸಲಿಲ್ಲ, ಬೇಗ ಬರುವುದನ್ನು ಕಲಿತರು.

ಬೆಂಗಳೂರೇ ಏಕೆ? ನಮ್ಮ ನಗರದ ಶಕ್ತಿನಗರದಲ್ಲಿರುವ ಕಲಾಂಗಣದಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯು ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ತಿಂಗಳ ವೇದಿಕೆ ನಡೆಸುತ್ತಿದೆ. 2002ರ ಜನವರಿಯಲ್ಲಿ ಆರಂಭವಾದ ಈ ಮ್ಹಯ್ನ್ಯಾಳಿ ಮಾಂಚಿ 2018ರ ಆಗಸ್ಟ್‌ನಲ್ಲಿ 200ನೆಯ ಕಾರ್ಯಕ್ರಮವನ್ನು ಕಂಡಿತು. ಲೆಕ್ಕ ಹಾಕಿ ನೋಡಿದರೆ ಅಷ್ಟು ವರ್ಷಗಳಲ್ಲಿ ಒಂದು ತಿಂಗಳೂ ತಪ್ಪಿಲ್ಲವೆಂದು ತಿಳಿಯುತ್ತದೆ. 2008ರ ಜನವರಿ 26 ಮತ್ತು 27ರಂದು ಅಲ್ಲಿಯೇ 40 ಗಂಟೆಗಳ ಕಾಲ ನಿರಂತರವಾಗಿ 1711 ಕೊಂಕಣಿ ಹಾಡುಗಳನ್ನು ಹಾಡಿ ಗಿನ್ನೆಸ್ ದಾಖಲೆ ಮಾಡಿದ್ದು ಎಲ್ಲರಿಗೂ ನೆನಪಿದೆ. ನಮ್ಮ ಮಟ್ಟಿಗೆ ಆ 40 ಗಂಟೆಗಳಿಗಿಂತ ಈ ಮೊದಲ ಭಾನುವಾರಗಳೇ ದೊಡ್ಡ ಸಾಧನೆ. ದಾಖಲೆಗೆ ಜನ ತಾವಾಗಿಯೇ ಸೇರುತ್ತಾರೆ; ಆಷಾಢದ ಮಳೆಯ ಸಂಜೆಗೆ ಸೇರಿಸುವುದು ಬೇರೆಯೇ ಕೆಲಸ. 1943ರಿಂದ ಡೊನ್ ಬೊಸ್ಕೊ ಸಭಾಂಗಣದ ಹೆಸರಿನೊಡನೆ ಬೆಸೆದುಕೊಂಡು ಬಂದಿರುವ ಕೊಂಕಣಿ ನಾಟಕ ಸಭೆಯ ಬಗ್ಗೆಯೂ ಇದೇ ಮಾತು ಹೇಳಬಹುದು. ಅಲ್ಲಿನ ಸ್ಪರ್ಧೆಗಳಲ್ಲಿ ಮೊದಲ ಬಾರಿ ಬಣ್ಣ ಹಚ್ಚಿದವರು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಸಿಕ್ಕಾರು.

ಪ್ರಸಂಗವಶಾತ್ ಗುಮಟೆಯ ಬಗ್ಗೆಯೂ ಒಂದು ಮಾತು. ಮಣ್ಣಿನ ಮಡಕೆಗೆ ಉಡದ ಚರ್ಮ ಬಿಗಿದು ಮಾಡುತ್ತಿದ್ದ ಈ ವಾದ್ಯವು ವನ್ಯಜೀವಿ ಕಾಯಿದೆಯಿಂದಾಗಿ ಈಗ ಆಡಿನ ಚರ್ಮಕ್ಕೆ ಹೊಂದಿಕೊಂಡಿದೆ. ಗೋವಾ ಸರಕಾರ 2019ರಲ್ಲಿ ಇದಕ್ಕೆ ಪಾರಂಪರಿಕ ವಾದ್ಯವೆಂಬ ಮಾನ್ಯತೆ ನೀಡಿತು. ನಮ್ಮ ಕಡೆ ಹೋಳಿಯ ದಿನಗಳಲ್ಲಿ ಕುಡುಬಿ ಬಾಂಧವರು ಗುಮಟೆ ಬಾರಿಸುತ್ತಾ ಮನೆ ಮನೆಗೆ ಬರುತ್ತಾರೆ. ಅವರದೂ ಗೋವೆಯಿಂದ ಬಂದ ಕೊಂಕಣಿಯೇ. ಚರ್ಚ್ ಹಬ್ಬದ ವೇದಿಕೆಗೆ ಅವರನ್ನೊಮ್ಮೆ ಗೌರವದಿಂದ ಕರೆದರೆ ಟ್ರ್ಯಾಕೂ ಬೇಡ, ದೊಡ್ಡ ಧ್ವನಿಪೆಟ್ಟಿಗೆಯೂ ಬೇಡ.

ಟಿಕೆಟಿನ ಹೊರೆ ಬಡ ಕುಟುಂಬಗಳಿಗೆ ತಟ್ಟುವುದಿಲ್ಲವೇ ಎಂಬ ಆಕ್ಷೇಪವಿದೆ. ಅದು ನ್ಯಾಯವಾದುದೇ. ಐದು ಮಂದಿಯ ಮನೆಗೆ ಐದು ಟಿಕೆಟ್ ಸುಲಭವಲ್ಲ. ಆದರೆ ಇಂದು ಪಾಸುಗಳು ತಲುಪುತ್ತಿರುವುದು ಅಂಥ ಮನೆಗಳಿಗೇನು? ಹೆಚ್ಚಾಗಿ ಅವು ಹೋಗುವುದು ಸಂಘಟಕರ ಪರಿಚಯವುಳ್ಳವರಿಗೆ, ಮುಂದಿನ ಸಾಲಿನ ಕುರ್ಚಿಗೆ. ಹೋದವರಲ್ಲಿ ಕೆಲವರು ಬರುವುದೂ ಇಲ್ಲ. ಇದಕ್ಕೊಂದು ದಾರಿ ಇದೆ. ಕೊಡಬಲ್ಲವರೆಲ್ಲ ಟಿಕೆಟ್ ಕೊಳ್ಳಲಿ. ದಾನಿಗಳು ತಮ್ಮ ಹಣದಿಂದ ಹಿಂದಿನ ಸಾಲುಗಳ ಒಂದಷ್ಟು ಟಿಕೆಟ್‌ಗಳನ್ನು ಕೊಂಡು ಸೈಂಟ್ ವಿನ್ಸೆಂಟ್ ದೆ ಪಾವ್ಲ್ ಸಭೆಯ ಮೂಲಕ ಸದ್ದಿಲ್ಲದೆ ತಲುಪಿಸಲಿ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತವಾಗಿರಲಿ.

ರೋಸು, ಮದುವೆಗಳ ಊಟ ಮತ್ತು ಅಲಂಕಾರಕ್ಕೆ ಖರ್ಚು ಮಾಡುವಾಗ ನಮ್ಮ ಕೈ ಹಿಂಜರಿಯುವುದಿಲ್ಲ. ಆಗಮನ ಕಾಲ ಆರಂಭವಾಗುವ ಮೊದಲು ಇನ್ನೂ ಕೆಲವು ಶನಿವಾರ ಭಾನುವಾರಗಳು ಉಳಿದಿವೆ. ಈ ವಾರ ಮೊಬೈಲಿಗೆ ಕರೆಯೋಲೆ ಬಂದರೆ ಅದರಲ್ಲಿರುವ ಸಂಖ್ಯೆಗೆ ಕರೆ ಮಾಡಿ, ವಾದ್ಯ ನುಡಿಸುವವರು ಯಾರು, ಸರಿಯಾಗಿ ಎಷ್ಟು ಗಂಟೆಗೆ ಆರಂಭ, ಟಿಕೆಟ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿರಿ. ಟಿಕೆಟೇ ಇಲ್ಲ, ಎಲ್ಲವೂ ಉಚಿತ ಎಂಬ ಉತ್ತರ ಬಂದರೆ, ಕಾರ್ಯಕ್ರಮ ಮುಗಿದ ಬಳಿಕ ವೇದಿಕೆಯ ಹಿಂಬದಿಗೆ ಹೋಗಿ ವಾದ್ಯಗಾರರನ್ನು ಕಂಡು, ಟಿಕೆಟಿಗೆಂದು ತೆಗೆದಿಟ್ಟ ಹಣವನ್ನು ಒಂದು ಲಕೋಟೆಯಲ್ಲಿ ಅವರ ಕೈಗೇ ಕೊಡಿರಿ.