ಎಚ್ಚರದ ಗುಳಿಗೆ

ಈ ತಿಂಗಳೂ ನಾವು ಯಾವುದಾದರೊಂದು ಹಳೆಯ ಕಾವ್ಯದ ವಿಷಯವನ್ನೆತ್ತಿಕೊಳ್ಳುವೆವೆಂದು ವಾಚಕರು ನಿರೀಕ್ಷಿಸಿರಬಹುದು. ನಾವೂ ಹಾಗೆಂದೇ ಬರೆಯಲು ಕುಳಿತಿದ್ದೆವು. ಆದರೆ ಒಂದು ಸಂಜೆ ನಮ್ಮ ಮನೆಯ ಜಗಲಿಗೆ ಬಂದ ಹಳೆಯ ಶಿಷ್ಯನೊಬ್ಬನು ಆ ಕೆಲಸವನ್ನು ಮುಂದಕ್ಕೆ ಹಾಕಿಸಿದನು.

ಆತನು ಶಿಡ್ಲಘಟ್ಟದ ಸಮೀಪದ ಹಳ್ಳಿಯವನು. ಹಿಪ್ಪುನೇರಳೆ ತೋಟವಿಟ್ಟುಕೊಂಡು ರೇಷ್ಮೆಹುಳು ಸಾಕುವವನು. ಮಗನು ಬೆಂಗಳೂರಿನ ಒಂದು ಹಾಸ್ಟೆಲಿನಲ್ಲಿದ್ದುಕೊಂಡು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿರುವನು. ರಜೆಗೆ ಬಂದ ಹುಡುಗನು ಮೊದಲಿನಂತಿರಲಿಲ್ಲವಂತೆ. ತಟ್ಟೆಯ ಮುಂದೆ ಕುಳಿತರೆ ಎರಡು ತುತ್ತಿಗೆ ಸಾಕೆನ್ನುವನು. ರಾತ್ರಿ ಎರಡಾದರೂ ದೀಪ ಆರದು. ತಾಯಿ ಒಂದು ಮಾತಾಡಿದರೆ ಎರಗಿ ಬೀಳುವನು. ಎದೆ ಹೊಡೆದುಕೊಳ್ಳುತ್ತದೆಂದೂ ಒಮ್ಮೆ ಹೇಳಿದನಂತೆ. ಕೊನೆಗೆ ಬಟ್ಟೆ ಒಗೆಯಲೆಂದು ಚೀಲ ತೆಗೆದ ತಾಯಿಗೆ ಅರ್ಧ ಖಾಲಿಯಾದ ಒಂದು ಗುಳಿಗೆಯ ಸ್ಟ್ರಿಪ್ಪು ಸಿಕ್ಕಿತು. ಅದನ್ನು ಟವೆಲಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ತಂದೆಯು ನಮ್ಮ ಮುಂದಿಟ್ಟು, "ಮೇಷ್ಟ್ರೇ, ಇದು ಔಷಧವೋ ವಿಷವೋ, ಓದಿ ಹೇಳಿ" ಎಂದನು.

ಅದರ ಮೇಲೆ ಮೀಥೈಲ್‌ಫೆನಿಡೇಟ್ ಎಂದಿದ್ದಿತು. ನಮ್ಮ ಸಂಸ್ಕೃತವು ಅಲ್ಲಿ ನೆರವಿಗೆ ಬಾರದೆ, ಪರಿಚಿತ ವೈದ್ಯರೊಬ್ಬರಿಗೆ ಫೋನು ಮಾಡಿ ಕೇಳಿದೆವು. ಬಳಿಕ ಒಂದು ವಾರ ಈ ವಿಷಯವನ್ನೇ ಓದಿದೆವು. ಹಾಗೆ ತಿಳಿದುಕೊಂಡುದನ್ನು ಮನೆಯಲ್ಲಿ ಓದುವ ಮಕ್ಕಳಿರುವ ವಾಚಕರಿಗೂ ತಿಳಿಸಬೇಕೆಂದು ತೋರಿತು.

ಈ ಗುಳಿಗೆಯು ಆಂಫೆಟಮೀನ್ ಎಂಬ ಉತ್ತೇಜಕದ ದಾಯಾದಿ. ಆಂಫೆಟಮೀನನ್ನು ಮೊದಲು ತಯಾರಿಸಿದವನು ರುಮೇನಿಯಾ ದೇಶದ ಲಾಜಾರ್ ಎಡೆಲಿಯಾನು. 1887ರಲ್ಲಿ, ಬರ್ಲಿನ್ ನಗರದಲ್ಲಿ. ಅದರಿಂದೇನು ಪ್ರಯೋಜನವೆಂಬುದು ಅವನಿಗೂ ತಿಳಿಯದೆ ನಲವತ್ತು ವರ್ಷ ಅದು ಮೂಲೆಯಲ್ಲಿದ್ದಿತು. ಅದೇ ಕಾಲದಲ್ಲಿ ಜಪಾನಿನ ನಾಗಾಯಿ ಎಂಬ ಪಂಡಿತನು ಚೀನೀಯರು ದಮ್ಮಿಗೆ ಕೊಡುತ್ತಿದ್ದ ಎಫೆಡ್ರ ಎಂಬ ಗಿಡದಿಂದ ಎಫೆಡ್ರಿನ್ನನ್ನು ಬೇರ್ಪಡಿಸಿ, 1893ರಲ್ಲಿ ಅದರಿಂದ ಮೆಥಾಂಫೆಟಮೀನನ್ನು ಮಾಡಿದನು. ಈ ಎಫೆಡ್ರದ ಜಾತಿಯ ಗಿಡಗಳು ನಮ್ಮ ಹಿಮಾಲಯದಲ್ಲಿಯೂ ಬೆಳೆಯುವುವು. ಅಲ್ಲಿ ಅದಕ್ಕೆ ಸೋಮಲತೆಯೆಂಬ ಹೆಸರೂ ಉಂಟು. ಋಗ್ವೇದದ ಒಂಬತ್ತನೆಯ ಮಂಡಲವೆಲ್ಲ ಯಾವ ಸೋಮನಿಗೆ ಮೀಸಲಾಗಿದೆಯೋ ಆ ಸೋಮವು ಇದೇ ಗಿಡವೆಂದು ಕೆಲವು ವಿದ್ವಾಂಸರ ವಾದ. ಪಾರ್ಸಿಗಳು ತಮ್ಮ ಹೋಮಕರ್ಮದಲ್ಲಿ ಇಂದಿಗೂ ಎಫೆಡ್ರದ ಕಡ್ಡಿಗಳನ್ನು ಉಪಯೋಗಿಸುವರು. ಈ ವಾದವು ತೀರ್ಮಾನವಾಗಿಲ್ಲ. ನಮಗೆ ಇದರಲ್ಲಿ ಬಲು ಆಸಕ್ತಿಯಿದ್ದರೂ ಇನ್ನೊಂದು ತಿಂಗಳಿಗೆ ಇಟ್ಟುಕೊಳ್ಳುವೆವು.

1927ರಲ್ಲಿ ಅಮೆರಿಕದ ಗಾರ್ಡನ್ ಆಲಿಸ್ ಎಂಬಾತನು ಎಫೆಡ್ರಿನ್ನಿಗೆ ಬದಲು ಹುಡುಕುತ್ತ ಆಂಫೆಟಮೀನನ್ನು ಮತ್ತೆ ಕೈಗೆತ್ತಿಕೊಂಡನು. ಐದಾರು ವರ್ಷಗಳಲ್ಲಿ ಅದು ಬೆಂಜೆಡ್ರಿನ್ ಎಂಬ ಹೆಸರಿನಿಂದ ಮೂಗು ಕಟ್ಟಿದವರು ಮೂಸುವ ಔಷಧವಾಗಿ ಅಂಗಡಿಗೆ ಬಂದಿತು. ನಿದ್ರೆಯನ್ನೂ ಹಸಿವನ್ನೂ ಓಡಿಸುವುದೆಂದು ಗೊತ್ತಾದ ಮೇಲೆ ವಿದ್ಯಾರ್ಥಿಗಳು, ಲಾರಿ ಓಡಿಸುವವರು, ಮೈ ಇಳಿಸಬೇಕೆನ್ನುವ ಹೆಂಗಸರು ಎಲ್ಲರೂ ಅದಕ್ಕೆ ಕೈಯೊಡ್ಡಿದರು. ಆಮೇಲೆ ಯುದ್ಧ ಬಂದಿತು. 1940ರ ಏಪ್ರಿಲಿನಿಂದ ಜುಲೈವರೆಗೆ ಜರ್ಮನಿಯ ಸೈನ್ಯಕ್ಕೆ ಈ ಬಗೆಯ ಗುಳಿಗೆಗಳು ಮೂರೂವರೆ ಕೋಟಿ ಹೋದುವೆಂದು ಲೆಕ್ಕವಿರುವುದು. ಇಂಗ್ಲಿಷರೂ ಅಮೆರಿಕನರೂ ಹಿಂದೆ ಬೀಳಲಿಲ್ಲ. ಜಪಾನಿನಲ್ಲಿ ಯುದ್ಧ ಮುಗಿದಾಗ ಉಳಿದ ದಾಸ್ತಾನು ಪೇಟೆಗೆ ಹರಿದು, ಸೋತು ಹಸಿದಿದ್ದ ಜನರು ಅದಕ್ಕೆ ಬಿದ್ದರು. 1951ರಲ್ಲಿ ಕಟ್ಟುನಿಟ್ಟಾದ ಕಾನೂನು ಮಾಡಿದರೂ, 1954ರ ಒಂದೇ ವರ್ಷದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಡಿಯಬೇಕಾಯಿತು. ಲೋಕದ ರಾಷ್ಟ್ರಗಳೆಲ್ಲ ಸೇರಿ ಇಂಥ ದ್ರವ್ಯಗಳಿಗೆ ಒಂದು ಒಪ್ಪಂದವನ್ನು ಮಾಡಿಕೊಂಡುದು 1971ರಲ್ಲಿ. ನಮ್ಮ ದೇಶದ ಎನ್‌ಡಿಪಿಎಸ್ ಕಾಯಿದೆ ಬಂದುದು 1985ರಲ್ಲಿ.

ಶಿಷ್ಯನ ಪ್ರಶ್ನೆಗೆ ಬರೋಣ. ಔಷಧವೋ ವಿಷವೋ? ಮೀಥೈಲ್‌ಫೆನಿಡೇಟನ್ನು 1944ರಲ್ಲಿ ತಯಾರಿಸಿದ ಸ್ವಿಟ್ಜರ್ಲೆಂಡಿನ ಪಾನಿಜ್ಜೋನ್ ಎಂಬಾತನ ಹೆಂಡತಿಯ ಹೆಸರು ರೀಟಾ. ಅದಕ್ಕೇ ಅದು ರಿಟಲಿನ್ ಆಯಿತು. ಕುಳಿತಲ್ಲಿ ಕುಳಿತಿರಲಾರದ, ಒಂದರಲ್ಲಿ ಮನಸ್ಸು ನಿಲ್ಲದ ಒಂದು ಬಗೆಯ ತೊಂದರೆಯುಳ್ಳ ಮಕ್ಕಳಿಗೆ, ಮನೋವೈದ್ಯರು ಪರೀಕ್ಷಿಸಿ ಅಳತೆಯರಿತು ಕೊಟ್ಟರೆ ಇದು ನಿಜವಾದ ಔಷಧ. ಅಂಥ ಮಕ್ಕಳ ತಾಯ್ತಂದೆಗಳು ಈ ಲೇಖನವನ್ನೋದಿ ಹೆದರಿ ಗುಳಿಗೆಯನ್ನು ನಿಲ್ಲಿಸಬಾರದು. ನಮ್ಮ ಶಿಷ್ಯನ ಮಗನಿಗೆ ಆ ತೊಂದರೆಯಿರಲಿಲ್ಲ. ಪಕ್ಕದ ಕೋಣೆಯ ಗೆಳೆಯನು "ಇದನ್ನು ನುಂಗು, ರಾತ್ರಿಯೆಲ್ಲ ಓದಬಹುದು" ಎಂದು ಕೊಟ್ಟಿದ್ದನು.

ಇದು ಮಾಡುವುದೇನೆಂದರೆ, ಮಿದುಳಿನಲ್ಲಿ ಡೋಪಮೀನ್, ನಾರ್‌ಅಡ್ರಿನಲಿನ್ ಎಂಬ ರಸಗಳ ಪ್ರಭಾವವನ್ನು ಏರಿಸುವುದು. ಎದೆಬಡಿತ ಹೆಚ್ಚುವುದು, ರಕ್ತದ ಒತ್ತಡ ಏರುವುದು, ಹಸಿವು ಅಡಗುವುದು, ದಣಿವು ತೋರದು. ತೋರದು ಎಂದೆವೇ ಹೊರತು ಇಲ್ಲವೆನ್ನಲಿಲ್ಲ. ಪ್ರಭಾವ ಇಳಿದೊಡನೆ ಮೈ ಕುಸಿಯುವುದು, ಮನಸ್ಸು ಕಪ್ಪಾಗುವುದು. ಮತ್ತೊಂದು ಗುಳಿಗೆ ಬೇಕೆನಿಸುವುದು. ಆಂಫೆಟಮೀನ್ ಬಗೆಯವನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತ ಹೋದವರಿಗೆ ಯಾರೋ ಬೆನ್ನಟ್ಟಿದಂತೆ, ಯಾರೋ ಗುಸುಗುಸು ಮಾತಾಡಿದಂತೆ ಭ್ರಮೆ ಹುಟ್ಟುವುದುಂಟು. ಹೃದಯಾಘಾತ, ಲಕ್ವ ಬಡಿದುದೂ ಉಂಟು. ಓದಿನ ವಿಷಯದಲ್ಲಿ ವೈದ್ಯರು ಹೇಳಿದ ಒಂದು ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು: ಹಗಲು ಓದಿದುದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ರೆಯಲ್ಲಿ. ನಮ್ಮ ಚರಕನು ಶರೀರಕ್ಕೆ ಮೂರು ಊರೆಗೋಲುಗಳೆಂದು ಎಣಿಸುವಾಗ ಆಹಾರದ ಜತೆಯಲ್ಲಿಯೇ ನಿದ್ರೆಯನ್ನೂ ಇಟ್ಟಿರುವನು.

ಕಾನೂನಿನ ಮಾತು. ಮೀಥೈಲ್‌ಫೆನಿಡೇಟೂ ಆಂಫೆಟಮೀನೂ ಔಷಧ ನಿಯಮಗಳ ಎಕ್ಸ್ ಶೆಡ್ಯೂಲಿನಲ್ಲಿವೆ. ವೈದ್ಯರ ಚೀಟಿಯು ಎರಡು ಪ್ರತಿಯಿರಬೇಕು, ಒಂದನ್ನು ಔಷಧದಂಗಡಿಯವರು ಎರಡು ವರ್ಷ ಕಾಪಾಡಬೇಕು, ಸರಕು ಬೀಗದಲ್ಲಿರಬೇಕು. ಗೆಳೆಯನಿಗೆ ಸುಮ್ಮನೆ ಕೊಟ್ಟರೂ ಅಪರಾಧವೇ. ಆಂಫೆಟಮೀನ್ 50 ಗ್ರಾಮನ್ನು ಮೀರಿದರೆ ವ್ಯಾಪಾರದ ಪ್ರಮಾಣವೆಂದೆಣಿಸಿ ಹತ್ತರಿಂದ ಇಪ್ಪತ್ತು ವರ್ಷಗಳ ಕಠಿನ ಸಜೆ. ಅದೇ ವಂಶದ ಎಂಡಿಎಂಎ ಆದರೆ 10 ಗ್ರಾಮನ್ನು ಮೀರಿದರೆ ಸಾಕು. ದೂರದ ಮಾತೆಂದು ಯಾರೂ ತಿಳಿಯಬಾರದು. 2025ರ ಮಾರ್ಚಿಯಲ್ಲಿ ಮಂಗಳೂರಿನ ಪೊಲೀಸರು ಬೆಂಗಳೂರಿನಲ್ಲಿ ಇಬ್ಬರು ವಿದೇಶೀಯರಿಂದ ಹಿಡಿದೆವೆಂದು ಹೇಳಿದ ಎಂಡಿಎಂಎ 37 ಕಿಲೋಗ್ರಾಮಿಗೂ ಹೆಚ್ಚು. ಅದೇ ವರ್ಷದ ಜುಲೈಯಲ್ಲಿ ಮುಂಬಯಿಯ ಪೊಲೀಸರು ಮೈಸೂರಿಗೆ ಬಂದು, ಇದೇ ಬಳಗದ ಮೆಫೆಡ್ರೋನ್ ತಯಾರಿಸುತ್ತಿದ್ದ ಜಾಗವನ್ನು ಹಿಡಿದರು. ಬೆಂಗಳೂರು ನಮಗೆಷ್ಟು ದೂರ? ಗೌರಿಬಿದನೂರಿನವರು ಬೆಳಗ್ಗೆ ರೈಲು ಹತ್ತಿ ಸಂಜೆಗೆ ಹಿಂದಿರುಗುವರು. ಚಿಂತಾಮಣಿಯ ಟೊಮೇಟೊ ರಾತ್ರೋರಾತ್ರಿ ಲಾರಿಯೇರುವುದು. ಹೈದರಾಬಾದಿನ ಹೆದ್ದಾರಿಯು ಚಿಕ್ಕಬಳ್ಳಾಪುರದ ಮಗ್ಗುಲಲ್ಲಿಯೇ ಹಾದುಹೋಗುವುದು.

ಇಷ್ಟನ್ನು ಕೇಳಿದ ಶಿಷ್ಯನಿಗೆ ಮೊದಲು ಹುಟ್ಟಿದ ಯೋಚನೆ ಮಗನನ್ನು ನಾಲ್ಕು ಬಾರಿಸಬೇಕೆಂಬುದು. ಎರಡನೆಯದು, ಯಾರಿಗೂ ತಿಳಿಯದಂತೆ ಮುಚ್ಚಿಡಬೇಕೆಂಬುದು. ಎರಡೂ ಬೇಡವೆಂದೆವು. ಆ ಕಾಯಿದೆಯ 64-ಎ ಕಲಮಿನಂತೆ, ವ್ಯಸನಕ್ಕೆ ಬಿದ್ದವನು ತಾನಾಗಿ ಸರ್ಕಾರವು ಒಪ್ಪಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಹೋದರೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಮೊಕದ್ದಮೆಯಿಂದ ರಕ್ಷಣೆಯಿರುವುದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕೆಂದೇ ವಿಭಾಗವಿದೆ. 14446 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುವುದು. ಮನಸ್ಸಿನ ಬೇರೆ ತೊಂದರೆಗಳಿಗೆ 14416.

ಆತನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ, "ಹುಳು ಜ್ವರಕ್ಕೆ ಕೂತಾಗ ನಾವು ಸೊಪ್ಪೂ ಹಾಕೋದಿಲ್ಲ, ತಟ್ಟೇನೂ ಅಲ್ಲಾಡಿಸೋದಿಲ್ಲ ಮೇಷ್ಟ್ರೇ. ಹುಡುಗನಿಗೆ ಮಾತ್ರ ದಿನಾ ರಾತ್ರಿ ಫೋನು ಮಾಡಿ, ಮಲಗಿಬಿಟ್ಟೆಯೇನೋ ಅಂತ ಕೇಳ್ತಿದ್ದೆ" ಎಂದನು. ರೇಷ್ಮೆಯ ಸೀಮೆಯವರಲ್ಲದ ವಾಚಕರಿಗೆ ಹೇಳಬೇಕಾದುದೇನೆಂದರೆ, ಹುಳುವು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಸಲ ಪೊರೆ ಕಳಚುವುದು. ಆಗ ಅದು ಮೇವು ಬಿಟ್ಟು ತಲೆಯೆತ್ತಿ ಅಲುಗದೆ ಇರುವುದು. ಇದಕ್ಕೇ ಜ್ವರವೆಂದು ಹೆಸರು.

ಆತನ ಮಾತು ನಮ್ಮನ್ನೂ ಮುಟ್ಟದೆ ಹೋಗಲಿಲ್ಲ. ಮೂವತ್ತು ವರ್ಷಕ್ಕೂ ಮೀರಿ ಈ ಸೀಮೆಯ ಶಾಲೆಗಳಲ್ಲಿ ಪಾಠ ಹೇಳಿದ ನಾವು, ಪರೀಕ್ಷೆಯ ಕಾಲಕ್ಕೆ ಹುಡುಗರಿಗೆ ಹೇಳುತ್ತಿದ್ದುದೇನು? ಕಣ್ಣಿಗೆ ತಣ್ಣೀರು ಹಾಕಿಕೊಳ್ಳಿ, ಜುಟ್ಟನ್ನು ಗೂಟಕ್ಕೆ ಕಟ್ಟಿಕೊಂಡು ಓದಿದವರಿದ್ದರು, ನಿದ್ದೆಗೇಡಿಗಳಿಗೇ ವಿದ್ಯೆ ಎಂದು. ಈ ಶಿಷ್ಯನೇ ಹತ್ತನೆಯ ತರಗತಿಯಲ್ಲಿ ತೂಕಡಿಸಿದಾಗ ಬೆಂಚಿನ ಮೇಲೆ ನಿಲ್ಲಿಸಿದ್ದೆವು. ರಾತ್ರಿಯೆಲ್ಲ ತೋಟದ ಸೊಪ್ಪು ಕೊಯ್ದು ಬಂದಿದ್ದನೆಂಬುದು ನಮಗೆ ತಿಳಿದುದು ಆ ಸಂಜೆ, ಜಗಲಿಯಲ್ಲಿ, ಆತನು ನಗುತ್ತ ಹೇಳಿದಾಗ.

ಹುಡುಗನನ್ನು ಚಿಕ್ಕಬಳ್ಳಾಪುರದಲ್ಲಿ ಮನೋವೈದ್ಯರಿಗೆ ತೋರಿಸಿದರು. ಸೇವಿಸಿದ ದಿನಗಳು ಕಡಮೆಯಾದ್ದರಿಂದ ಹೆದರಿಕೆಯಿಲ್ಲವೆಂದೂ, ಕೆಲವು ದಿನ ಬಲು ನಿದ್ರೆ, ಬೇಸರ ಬರಬಹುದು, ಒಬ್ಬನನ್ನೇ ಬಿಡಬೇಡಿರೆಂದೂ ಅವರು ಹೇಳಿದರಂತೆ. ಮೊದಲ ರಾತ್ರಿ ಮಲಗಿದವನು ಮರುದಿನ ಮಧ್ಯಾಹ್ನಕ್ಕೆ ಎದ್ದು, ಮುದ್ದೆ ಬೇಕೆಂದನಂತೆ. ಬರುವ ಶನಿವಾರ ಮತ್ತೆ ಬರಹೇಳಿದ್ದಾರೆ. ಮನೆಯಲ್ಲಿ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ಸಮಯ, ತಂದೆಗೆ ಬಿಡುವಿಲ್ಲ. ತಾಯಿಯು ಕರೆದುಕೊಂಡು ಹೋಗುವಳಂತೆ.