ಗಾದಿ ಎಷ್ಟು ಕಿಲೋ?

ನಮ್ಮೂರು ಮಣ್ಣೂರ. ಅಫಜಲಪುರ ತಾಲ್ಲೂಕು, ಭೀಮಾ ನದಿ ದಂಡೆ. ನಮ್ಮ ಕಡೆ ಹಾಸಿಗೆಗೆ ಗಾದಿ ಅಂತಾರೆ. ಗಾದಿ ಮಾಡುವವರು ಬಂದರೆ ಅವ್ವ ಕೇಳುತ್ತಿದ್ದ ಮೊದಲ ಪ್ರಶ್ನೆ, "ಎಷ್ಟ ಕಿಲೋ ಹತ್ತಿ ತುಂಬ್ತಿ?" ಉದ್ದ, ಅಗಲದ ಮಾತು ಆಮೇಲೆ.

ನೌಕರಿ ಸಿಕ್ಕ ಮೇಲೆ ನಾನು ಆ ಪ್ರಶ್ನೆ ಮರೆತೆ. ಕಳೆದ ದೀಪಾವಳಿಗೆ ಅಪ್ಪನ ಬೆನ್ನುನೋವಿಗಂತ ಎಂಟು ಇಂಚಿನ ಫೋಮ್ ಹಾಸಿಗೆ ಕಳಿಸಿದೆ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದ್ದೆ, ಬೆಣ್ಣೆಯಂತಿತ್ತು. ಬೇಸಿಗೆ ಬರುವಷ್ಟರಲ್ಲಿ ಅಪ್ಪ ಮಲಗುವ ಕಡೆ ಕುಣಿ ಬಿತ್ತು. "ತಮ್ಮಾ, ಕೆಸರಾಗ ಸಿಕ್ಕಂಗ ಆಗ್ತದ, ಏಳ್ಲಾಕ ಬರವಲ್ದು" ಅಂದರು. ಈಗ ಅವರು ಮತ್ತೆ ಹಳೇ ಗಾದಿ ಮೇಲೆ. ನನ್ನ ಇಎಂಐ ಮಾತ್ರ ಇನ್ನೂ ಮುಗಿದಿಲ್ಲ.

ಆಮೇಲೆ ಕೂತು ತಿಳ್ಕೊಂಡಿದ್ದು ಇಷ್ಟು: ಮೆತ್ತಗೆ, ಗಟ್ಟಿ ಅನ್ನೋದು ಬೇರೆ, ಬಾಳಿಕೆ ಬೇರೆ. ಎಷ್ಟು ಬಲ ಹಾಕಿದರೆ ಫೋಮ್ ಎಷ್ಟು ತಗ್ಗುತ್ತದೆ ಅನ್ನೋದು ಗಟ್ಟಿತನ. ಬಾಳಿಕೆ ಹೇಳೋದು ಹೆಚ್ಚಾಗಿ ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನೋದು. ಅವ್ವನ ಪ್ರಶ್ನೆಯೇ ಇದು! ಕಡಿಮೆ ಡೆನ್ಸಿಟಿಯ ಫೋಮನ್ನೂ ಗಟ್ಟಿಯಾಗಿ ಮಾಡಬಹುದು. ಅದಕ್ಕೇ ಕೈ ಮೋಸ ಹೋಗುತ್ತದೆ.

ಲೆಕ್ಕ ಸುಲಭ. ಆರು ಅಡಿ ಉದ್ದ, ಮೂರು ಅಡಿ ಅಗಲ, ನಾಲ್ಕು ಇಂಚು ದಪ್ಪದ ಫೋಮ್ 32 ಡೆನ್ಸಿಟಿಯದಾದರೆ ಸುಮಾರು 5.4 ಕಿಲೋ ತೂಗಬೇಕು. 20 ಆದರೆ 3.4 ಕಿಲೋ ಅಷ್ಟೇ. ದಿನಾ ಮಲಗುವ ದೊಡ್ಡವರಿಗೆ ಸಾದಾ ಪಿಯು ಫೋಮ್ ಆದರೆ ನಾನಂತೂ ಇನ್ನು 32ಕ್ಕಿಂತ ಕೆಳಗೆ ಇಳಿಯಲ್ಲ. 40 ಸಿಕ್ಕರೆ ಇನ್ನೂ ಚಲೋ. ಹಲವು ಪದರ ಇದ್ದರೆ ಪ್ರತಿ ಪದರದ ದಪ್ಪ, ಡೆನ್ಸಿಟಿ ಎರಡೂ ಕೇಳಿ, ಬಿಲ್ಲಿನ ಮೇಲೆ ಬರೆಸಿ. ತುಂಡು ಫೋಮ್ ಒತ್ತಿ ಅಂಟಿಸಿದ ರೀಬಾಂಡೆಡ್ ಹೇಗೂ ಭಾರ. ಅದನ್ನು ಇದರ ಜೊತೆ ತೂಗಿ ನೋಡಬೇಡಿ. ತೂಕ ಹೆಚ್ಚಿಸಲು ಸುಣ್ಣದಕಲ್ಲಿನ ಪುಡಿ ಬೆರೆಸುವುದೂ ಉಂಟು. ಜಿಪ್ ತೆಗೆದು ಉಜ್ಜಿದಾಗ ಪುಡಿ ಉದುರಿದರೆ ಹಿಂದೆ ಸರಿಯಿರಿ.

ಗಟ್ಟಿತನ ನೋಡಲು ಕೈ ಸಾಲದು, ಮಲಗಬೇಕು. ಹದಿನೈದು ನಿಮಿಷ, ನೀವು ದಿನಾ ಮಲಗುವ ಮಗ್ಗುಲಲ್ಲೇ. ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿ. ಸಲೀಸಾಗಿ ಹೋದರೆ ಹಾಸಿಗೆ ನಿಮಗೆ ಗಟ್ಟಿಯಾಯ್ತು. ಸೊಂಟ ಕುಸಿದು ಕೈ ಹೋಗದಿದ್ದರೆ ಮೆತ್ತಗಾಯ್ತು. ಮೈ ಭಾರ ಇದ್ದವರಿಗೆ ಸ್ವಲ್ಪ ಗಟ್ಟಿಯದೇ ಬೇಕು.

ಹಾಗಂತ ಬೆನ್ನುನೋವಿಗೆ ಹಲಗೆಯಂಥದ್ದೂ ಬೇಡ. ಸ್ಪೇನಿನಲ್ಲಿ 313 ಜನರ ಮೇಲೆ ನಡೆದು, 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ದೀರ್ಘಕಾಲದ ಸೊಂಟನೋವು ಇದ್ದವರಿಗೆ ಪೂರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಹೆಚ್ಚು ಆರಾಮ ಕೊಟ್ಟಿತ್ತು. ಲೇಬಲ್ ಮೇಲಿನ ‘ಆರ್ಥೋಪೆಡಿಕ್’ ಅನ್ನೋ ಪದ ನೋಡಿ ಮರುಳಾಗಬೇಡಿ.

ನಮ್ಮ ಕಡೆಯವರು ಇನ್ನೊಂದು ನೆನಪಿಡಬೇಕು. ಮೆಮೊರಿ ಫೋಮ್ ಬಿಸಿಗೆ ಇನ್ನೂ ಮೆತ್ತಗಾಗುತ್ತದೆ. ಎಸಿ ಶೋರೂಮಿನಲ್ಲಿ ಹದವಾಗಿದ್ದದ್ದು ಕಲಬುರಗಿ ಜಿಲ್ಲೆಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಹಾಗೇ ಇರಲ್ಲ.

ವಾರಂಟಿ ಎಷ್ಟು ವರ್ಷ ಅನ್ನೋದಕ್ಕಿಂತ, ಎಷ್ಟು ಆಳದ ಕುಣಿ ಬಿದ್ದರೆ ಬದಲಿಸಿ ಕೊಡ್ತಾರೆ ಅಂತ ಓದಿ. ನಾನು ಓದಿರಲಿಲ್ಲ. ಅಪ್ಪನ ಹಾಸಿಗೆಯ ಕುಣಿ ಅವರ ಲೆಕ್ಕಕ್ಕೆ ಅರ್ಧ ಇಂಚು ಕಡಿಮೆ ಬಿತ್ತು.

ಈ ಸಲ ಅಪ್ಪನನ್ನೇ ಅಂಗಡಿಗೆ ಕರ್ಕೊಂಡು ಹೋಗ್ತೀನಿ. ಮಲಗಿ ನೋಡೋದು ಅವರು. ಕಿಲೋ ಕೇಳೋಕೆ ಅವ್ವನೂ ಬರ್ತಾಳಂತೆ.